ಬುಧವಾರ ಮಧ್ಯಾಹ್ನ ಕರಗಿದ ಬೆಳ್ಳಿ

ಯಾರಾದರೂ ದೆವ್ವ, ಭೂತ, ಆತ್ಮ ಎಂದು ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ. ಹೇಳುವವರು ಯಾರೂ ಕಣ್ಣಾರೆ ಕಂಡಿರುವುದಿಲ್ಲ. ಅವರ ಭಾವನ ತಮ್ಮನೋ ಆಫೀಸಿನ ಜವಾನನೋ ಕಂಡಿರುತ್ತಾನೆ. ಇತಿಹಾಸ ಓದಿದವಳು ನಾನು. ಸಾಕ್ಷಿ ಇಲ್ಲದ ಮಾತನ್ನು ನಂಬಬೇಡ ಎಂದು ಧಾರವಾಡದಲ್ಲಿ ಎಂ.ಎ. ಮಾಡುವಾಗ ಮೇಷ್ಟ್ರುಗಳು ತಲೆಗೆ ತುಂಬಿದ್ದರು.

ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನಿಮ್ಮನ್ನು ಹೆದರಿಸುವ ಆಸೆ ಇಲ್ಲ. ನನಗೇ ಅವತ್ತು ಹೆದರಿಕೆಯಾಗಿರಲಿಲ್ಲ. ಆದದ್ದು ಸಿಟ್ಟು. ಅದು ಇಷ್ಟು ವರ್ಷವಾದರೂ ಇಳಿದಿಲ್ಲ, ಬರೆದರೆ ಇಳಿಯುತ್ತದೆ ಎಂಬ ಭ್ರಮೆಯೂ ನನಗಿಲ್ಲ.

ನಮ್ಮವರು ನೌಕಾಪಡೆಯಲ್ಲಿದ್ದರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ಆಗ ನಾವು ವಿಶಾಖಪಟ್ಟಣಕ್ಕೆ ಬಂದೆವು. ಕ್ವಾರ್ಟರ್ಸ್ ಸಿಗಲಿಲ್ಲವೆಂದು ಮಧುರವಾಡದಲ್ಲಿ ಒಂದು ಫ್ಲಾಟ್ ಬಾಡಿಗೆಗೆ ಹಿಡಿದಿದ್ದೆವು. ಅವರು ಹಡಗು ಹತ್ತಿದರೆ ತಿಂಗಳುಗಟ್ಟಲೆ ಇಲ್ಲ. ನನಗೆ ತೆಲುಗು ಬಾರದು, ಆದ್ದರಿಂದ ಕೆಲಸವೂ ಸಿಗದು. ಒಂದು ದಿನ ಕೆಳಗೆ ನಿಂತು ಗ್ಯಾಸ್ ಸಿಲಿಂಡರಿನವನ ಮೇಲೆ ಕನ್ನಡದಲ್ಲೇ ಕೂಗಾಡುತ್ತಿದ್ದೆ. ಹಿಂದಿನಿಂದ ಯಾರೋ, "ಗದಗದ ಕಡೇರೇನಮ್ಮಾ ನೀನು? ಬೈಗುಳ ಕೇಳಿದ್ರೇ ಗೊತ್ತಾಗ್ತೈತಿ" ಎಂದರು. ಅವರೇ ವಿರೂಪಾಕ್ಷಪ್ಪನವರು. ಬಳ್ಳಾರಿಯವರು. ಬಂದರಿನಲ್ಲಿ ಇಂಜಿನಿಯರಾಗಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ವಿಜಯವಾಡದ ಕಡೆಯವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಪ್ರಸಾದ್ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಹೋಲ್‌ಸೇಲ್ ಅಂಗಡಿ ಇಟ್ಟಿದ್ದರು. ಅಪ್ಪನನ್ನು ಎಷ್ಟು ಸಲ ಕರೆದರೂ ಇವರು ಹೋಗಲೊಲ್ಲರು. ಕಾರಣ ಅವರ ಕೋಣೆಯ ಒಂದು ಬೀರುವಿನಲ್ಲಿತ್ತು.

ಆ ಬೀರುವಿನಲ್ಲಿ ಇದ್ದದ್ದು ರೋಮನ್ ನಾಣ್ಯಗಳು. ರೋಮಿನ ಟಂಕಸಾಲೆಯವಲ್ಲ. ರೋಮನರು ಗೆದ್ದುಕೊಂಡ ಪ್ರಾಂತಗಳಲ್ಲಿ, ಅಂದರೆ ಈಗಿನ ತುರ್ಕಿ, ಸಿರಿಯಾ, ಈಜಿಪ್ಟುಗಳಲ್ಲಿ, ಅಲ್ಲಲ್ಲಿನ ಊರುಗಳು ಅಚ್ಚು ಹಾಕುತ್ತಿದ್ದ ಬೆಳ್ಳಿ ನಾಣ್ಯಗಳು. ಒಂದು ಬದಿಯಲ್ಲಿ ಚಕ್ರವರ್ತಿಯ ಮುಖ. ಇನ್ನೊಂದು ಬದಿಯಲ್ಲಿ ಆ ಊರಿನ ದೇವರೋ, ಹದ್ದೋ, ಬೆಟ್ಟವೋ. ಬರಹ ಲ್ಯಾಟಿನ್ ಅಲ್ಲ, ಗ್ರೀಕು. "ಮುಖ ದೊರೀದು, ಬೆನ್ನು ಊರಿಂದು. ಅದಕ್ಕೇ ನಂಗಿವು ಇಷ್ಟ" ಎನ್ನುತ್ತಿದ್ದರು ಕಾಕಾ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬಂದರಿಗೆ ಬರುತ್ತಿದ್ದ ತುರ್ಕಿಯ, ಈಜಿಪ್ಟಿನ ನಾವಿಕರ ಜೇಬಿನಿಂದ ಒಂದೊಂದಾಗಿ ಕೊಂಡು, ಆಮೇಲೆ ಹೊರದೇಶದ ವ್ಯಾಪಾರಿಗಳಿಗೆ ಪತ್ರ ಬರೆದು ತರಿಸಿಕೊಂಡು, ಇಡೀ ನೌಕರಿಯ ಕಾಲದಲ್ಲಿ ಕೂಡಿಸಿದ್ದ ಸಂಗ್ರಹ ಅದು. ಅವರಿಗೆ ತುಂಬ ಪ್ರೀತಿಯದು ಕೈಸರಿಯ ಎಂಬ ಊರಿನ ಪುಟ್ಟ ನಾಣ್ಯ. ಅದರ ಬೆನ್ನ ಮೇಲೆ ಒಂದು ಬೆಟ್ಟ, ಬೆಟ್ಟದ ನೆತ್ತಿಯ ಮೇಲೊಂದು ನಕ್ಷತ್ರ. ಬಳ್ಳಾರಿಯ ಗುಡ್ಡದ ಹಾಗೇ ಇದೆ ಎಂದು ನೂರು ಸಲ ಹೇಳಿರಬೇಕು.

ನಾನು ಅವರ ಮನೆಗೆ ಹೋಗಲು ಶುರುಮಾಡಿದ್ದು ಬೇಸರ ಕಳೆಯಲು. ಆದರೆ ಒಂದೆರಡು ತಿಂಗಳಲ್ಲಿ ಅದು ನನ್ನದೇ ಕೆಲಸವಾಗಿಹೋಯಿತು. ಗ್ರೀಕ್ ಅಕ್ಷರ ಕಲಿತೆ. ಸವೆದ ಅಕ್ಷರಗಳನ್ನು ದೀಪಕ್ಕೆ ಓರೆ ಹಿಡಿದು ಓದುವುದನ್ನು ಕಲಿತೆ. ನಮ್ಮವರು ಹೊರದೇಶದಿಂದ ತಂದುಕೊಟ್ಟ ಕ್ಯಾಮೆರಾದಲ್ಲಿ ಪ್ರತಿ ನಾಣ್ಯದ ಎರಡೂ ಬದಿಯ ಚಿತ್ರ ತೆಗೆದೆ. ಈ ಸಂಗ್ರಹ ಒಡೆಯಬಾರದು, ನಮ್ಮ ಕಡೆಯ ಯಾವುದಾದರೂ ಕಾಲೇಜಿಗೆ ಇಡಿಯಾಗಿ ಹೋಗಬೇಕು, ಹುಡುಗರು ಮುಟ್ಟಿ ನೋಡಬೇಕು ಎಂದು ಕಾಕಾ ನನ್ನೆದುರು ಎಷ್ಟೋ ಸಲ ಹೇಳಿದ್ದರು. ಅದಕ್ಕಾಗಿಯೇ ನನ್ನ ಭಾನುವಾರಗಳನ್ನೆಲ್ಲ ಅಲ್ಲಿ ಸುರಿದೆ. ನಮ್ಮವರು ರಜೆಯಲ್ಲಿ ಬಂದಿದ್ದಾಗಲೂ ಹೋಗುತ್ತಿದ್ದೆ, ಅದಕ್ಕೆ ಬೈಸಿಕೊಂಡಿದ್ದೂ ಇದೆ.

ಆ ನಾಣ್ಯಗಳನ್ನು ಕಾಕಾ ಎಂದೂ ತಿಕ್ಕಿ ತೊಳೆದವರಲ್ಲ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಬೇಕು, ಹೊಳಪು ತರಿಸಿದರೆ ಅದರ ಆಯುಷ್ಯ ತೆಗೆದಂತೆ ಎನ್ನುತ್ತಿದ್ದರು. ಹೀಗಾಗಿ ಅವನ್ನು ತುಂಬ ಹೊತ್ತು ಮುಟ್ಟಿ ಕೂತರೆ ನಮ್ಮ ಬೆರಳ ತುದಿಗಳು ಸೀಸದ ಪೆನ್ಸಿಲ್ ಉಜ್ಜಿದಂತೆ ಬೂದುಗಪ್ಪಾಗುತ್ತಿದ್ದವು. ಸೋಪು ಹಾಕಿ ತೊಳೆಯಬೇಕಾಗುತ್ತಿತ್ತು.

ಶ್ರಾವಣ ಮಾಸ. ಭಾನುವಾರ ಎಂದಿನಂತೆ ಇಬ್ಬರೂ ಕೂತು ಅಂತಿಯೋಕ ಎಂಬ ಊರಿನ ಹದ್ದಿನ ನಾಣ್ಯಗಳನ್ನು ಮತ್ತೊಮ್ಮೆ ನೋಡಿ ಟ್ರೇಗಳನ್ನು ಬೀರುವಿನಲ್ಲಿಟ್ಟೆವು. ಕಾಕಾ ಬೀಗ ಹಾಕಿ, ಕೀಲಿಯನ್ನು ಎಂದಿನಂತೆ ಉಡಿದಾರಕ್ಕೆ ಸಿಕ್ಕಿಸಿಕೊಂಡರು. ಮಂಗಳವಾರ ಬೆಳಿಗ್ಗೆ ಅವರ ಮನೆಕೆಲಸದಾಕೆ ಓಡಿ ಬಂದು ನನ್ನ ಬಾಗಿಲು ಬಡಿದಳು. ಕಾಕಾ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಬಾಯಿ ಓರೆಯಾಗಿತ್ತು. ಬಲಗೈ ಬಲಗಾಲು ಆಡುತ್ತಿರಲಿಲ್ಲ. ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿದೆವು. ನರ್ಸು ಅವರ ವಾಚು, ಉಂಗುರ, ಕೀಲಿ ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಪರ್ಸಿನೊಳಗೆ ಇಟ್ಟುಕೊಂಡೆ. ಪ್ರಸಾದರಿಗೆ ಫೋನು ಮಾಡಿದರೆ ಅವರು ಸರಕು ತರಲು ದೂರದ ಊರಿಗೆ ಹೋಗಿದ್ದರಂತೆ. ಬಂದು ಮುಟ್ಟಿದ್ದು ಗುರುವಾರ ಸಂಜೆ. ಅಷ್ಟು ಹೊತ್ತೂ ಮಂಚದ ಪಕ್ಕ ಕೂತವಳು ನಾನು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನನ್ನನ್ನು ಏನೇನೋ ಕೇಳಿದರು.

ಬುಧವಾರ ಮಧ್ಯಾಹ್ನದ ಮಾತು. ಕಾಕಾರಿಗೆ ಎಚ್ಚರವಿರಲಿಲ್ಲ, ಪೂರ್ತಿ ನಿದ್ದೆಯೂ ಅಲ್ಲ. ಎಡಗೈಗೆ ಗ್ಲೂಕೋಸಿನ ಸೂಜಿ ಚುಚ್ಚಿ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿದ್ದರು. ಬೆಳಿಗ್ಗೆ ನಾನೇ ಒದ್ದೆ ಬಟ್ಟೆಯಿಂದ ಅವರ ಮುಖ, ಎರಡೂ ಕೈ ಒರೆಸಿದ್ದೆ. ಊಟದ ಹೊತ್ತು ಕಳೆದ ಮೇಲೆ ಅವರ ಎಡಗೈ ಅಲುಗಾಡತೊಡಗಿತು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹೊದಿಕೆಯ ಮೇಲಿಂದ ಏನನ್ನೋ ಎತ್ತುವುದು, ಮುಖದ ಹತ್ತಿರ ತರುವುದು, ಕೈ ಚಾಚಿ ಮಂಚದ ಪಕ್ಕ ಬಿಡುವುದು. ಮತ್ತೆ ಎತ್ತುವುದು, ಮತ್ತೆ ಬಿಡುವುದು. ಅವಸರವಿಲ್ಲ. ಮುಖದ ಹತ್ತಿರ ತಂದಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಕಣ್ಣು ಮಾತ್ರ ಮುಚ್ಚಿಯೇ ಇತ್ತು. ನಾನು ನರ್ಸನ್ನು ಕರೆದೆ. ಮಿದುಳಿಗೆ ಪೆಟ್ಟಾದವರು ಹೀಗೆ ಹೊದಿಕೆ ಹೆಕ್ಕುವುದು ಸಾಮಾನ್ಯ, ಸೂಜಿ ಕಳಚದಂತೆ ನೋಡಿಕೊಳ್ಳಿ ಎಂದು ಹೇಳಿ ಹೋದಳು.

ನಾನು ಆ ಕೈಯನ್ನು ಹಿಡಿದುಕೊಂಡೆ. ಒಲೆಯ ಮುಂದೆ ಬಹಳ ಹೊತ್ತು ಕೂತವರ ಕೈಯ ಹಾಗೆ ಸುಡುತ್ತಿತ್ತು. ಜ್ವರವೇನೋ ಎಂದು ಹಣೆ ಮುಟ್ಟಿದರೆ ಹಣೆ ತಣ್ಣಗಿತ್ತು. ಬೆರಳು ಬಿಡಿಸಿ ನೋಡಿದೆ. ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಬೂದುಗಪ್ಪಾಗಿತ್ತು. ಇದ್ದಿಲ ಹೊಗೆಯ ವಾಸನೆ ಬರುತ್ತಿತ್ತು. ಆಸ್ಪತ್ರೆಯ ಫಿನಾಯಿಲ್ ವಾಸನೆಯ ನಡುವೆ ಇದ್ದಿಲ ಹೊಗೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರೆ ಹತ್ತಿ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರೆ ಬೆರಳು ಮತ್ತೆ ಕಪ್ಪು.

ಆಗ ನನಗೆ ಬಂದದ್ದು ಸಿಟ್ಟು ಎಂದೆನಲ್ಲ. ಹೊರಗೆ ಹೋಗಿ ಆಯಾಳನ್ನು ಹಿಡಿದು ಬೈದೆ. ಮಂಚದ ಕಬ್ಬಿಣ ಒರೆಸುವುದಿಲ್ಲ, ರೋಗಿಯ ಕೈಗೆ ಮಸಿ ಹತ್ತುತ್ತಿದೆ, ಎಲ್ಲೋ ಬೆಂಕಿ ಹಾಕಿ ಕಿಟಕಿ ತೆಗೆದಿಟ್ಟಿದ್ದೀರಿ ಎಂದು. ಆಕೆ ಬಂದು ಮಂಚದ ಕಂಬಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನನಗೆ ತೋರಿಸಿದಳು. ಬಟ್ಟೆ ಬಿಳಿಯಾಗಿಯೇ ಇತ್ತು. ಕಿಟಕಿಯೂ ಮುಚ್ಚಿತ್ತು, ಎ.ಸಿ. ಕೋಣೆ ಅದು. ಬಿಸಿಲು ಇಳಿಯುವ ಹೊತ್ತಿಗೆ ಕೈ ಆಡುವುದು ನಿಂತಿತು, ಕಾಕಾ ಗಾಢವಾಗಿ ಮಲಗಿದರು. ನಾನು ಅದನ್ನು ಮರೆತೆ. ಮರೆಯಲು ಬೇಕಾದಷ್ಟು ಕೆಲಸವಿತ್ತು.

ಕೆಲವು ವಾರಗಳ ಮೇಲೆ ಆಸ್ಪತ್ರೆಯಿಂದ ಬಿಟ್ಟರು. ಜೀವ ಉಳಿದಿತ್ತು. ಮಾತು ಹೋಗಿತ್ತು, ಬಲಭಾಗ ಹೋಗಿತ್ತು. ಹೇಳಿದ್ದು ಅರ್ಥವಾಗುತ್ತಿತ್ತು, ತಲೆಯಾಡಿಸುತ್ತಿದ್ದರು. ಪ್ರಸಾದ್ ಅವರನ್ನು ವಿಜಯವಾಡಕ್ಕೆ ಕರೆದೊಯ್ಯುವುದೆಂದಾಯಿತು. ಅಪ್ಪನನ್ನು ಕಾರಿಗೆ ಹತ್ತಿಸುವ ಮೊದಲು ನಾಣ್ಯಗಳನ್ನೂ ಕಟ್ಟಿಕೊಡಿ ಎಂದು ಕೇಳಿದರು. ಮಗ ಕೇಳಿದ್ದು ನ್ಯಾಯವೇ. ನಾನು ಕೀಲಿ ತಂದು ಅವರ ಎದುರಿಗೇ ಬೀರು ತೆಗೆದೆ.

ಟ್ರೇಗಳು ಇಟ್ಟಲ್ಲೇ ಇದ್ದವು. ಮಖಮಲ್ಲಿನ ಕುಳಿಗಳೂ ಹಾಗೇ ಇದ್ದವು. ಒಂದು ಕುಳಿಯಲ್ಲೂ ನಾಣ್ಯವಿರಲಿಲ್ಲ. ಒಂದಾದ ಮೇಲೊಂದು ಟ್ರೇ ಎಳೆದೆ. ಬೆಟ್ಟದ ನಾಣ್ಯವಿಲ್ಲ, ಹದ್ದುಗಳಿಲ್ಲ, ಅಲೆಕ್ಸಾಂಡ್ರಿಯದ ದಪ್ಪ ನಾಣ್ಯಗಳಿಲ್ಲ. ಬೀಗ ಒಡೆದ ಗುರುತಿಲ್ಲ, ಬಾಗಿಲಿಗೆ ಒಂದು ಗೀರೂ ಇಲ್ಲ.

ಪ್ರಸಾದ್ ನನ್ನನ್ನೇ ನೋಡುತ್ತಿದ್ದರು. ಅವರ ಕನ್ನಡ ಮನೆಯಲ್ಲಿ ಅಪ್ಪನ ಜೊತೆ ಆಡುವಷ್ಟೇ, ಅರ್ಧ ತೆಲುಗು. "ಕೀ ನಿಮ್ಮ ಹತ್ರಾನೇ ಉಂದಿ ಕದಾ ಮೇಡಂ? ಇಷ್ಟು ದಿನ?" ಎಂದರು.

"ಹೌದು. ನನ್ನ ಪರ್ಸಿನಾಗ ಇತ್ತು."

"ಮತ್ತೆ, ಕಾಯಿನ್ಸ್ ಎಲ್ಲಿಗೆ ಹೋದ್ವು?"

"ಅಪ್ಪಾರು ಬಿದ್ದಾರಂತ ಫೋನ್ ಮಾಡಿದ್ರ ಗುರುವಾರ ಬಂದವ್ರು ನೀವು. ಈಗ ನನಗ ಕೇಳ್ತೀರಿ? ಇನ್ನೊಂದು ಕೀಲಿ ಯಾರ ಹತ್ರ ಐತಿ ಅಂತ ನೀವು ಮೊದ್ಲು ಹೇಳ್ರಿ."

ಹೀಗೆ ಶುರುವಾದದ್ದು ಅಕ್ಕಪಕ್ಕದ ಮನೆಯವರು ಬಾಗಿಲು ತೆಗೆದು ನೋಡುವವರೆಗೆ ಹೋಯಿತು. ಪೊಲೀಸರಿಗೆ ಹೇಳುತ್ತೇನೆ ಎಂದರು ಅವರು. ಹೋಗಿ ಹೇಳಿ, ನಾನೂ ಬರುತ್ತೇನೆ ಎಂದೆ. ಕೆಳಗೆ ಕಾರಿನಲ್ಲಿ ಕೂರಿಸಿದ್ದ ಕಾಕಾರಿಗೆ ಇದು ಯಾವುದೂ ತಿಳಿಯದಂತೆ ನೋಡಿಕೊಂಡೆವು, ಅದೊಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮನಸ್ಸಾಗಿತ್ತು. ಕಾರು ಹೋದ ಮೇಲೆ ನಾನು ಮನೆಗೆ ಬಂದು ಅಡಿಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯನ್ನು ಗೋಡೆಗೆ ಎಸೆದೆ. ಅಂಥ ಸ್ವಭಾವದವಳಲ್ಲ ನಾನು. ಮಗನೇ ತೆಗೆದಿದ್ದಾನೆ, ಅಪ್ಪನಿಗೆ ಮಾತು ಹೋಗಿದೆಯೆಂದು ಧೈರ್ಯದಿಂದ ನಾಟಕವಾಡುತ್ತಿದ್ದಾನೆ ಎಂದು ನನಗೆ ನೂರಕ್ಕೆ ನೂರು ಖಾತ್ರಿಯಾಗಿತ್ತು. ಅವರಿಗೂ ನನ್ನ ಬಗ್ಗೆ ಅಷ್ಟೇ ಖಾತ್ರಿಯಿತ್ತು.

ಅದಾದ ಮುಂದಿನ ವಾರ ಅವರೇ ಫೋನು ಮಾಡಿದರು. ದನಿಯಲ್ಲಿ ಜಗಳವಿರಲಿಲ್ಲ. "ಅಕ್ಕಾ, ನೀವು ಒಂದ್ಸಾರಿ ಇಲ್ಲಿಗೆ ರಾವಾಲಿ," ಎಂದರು. ಮೇಡಂ ಹೋಗಿ ಅಕ್ಕ ಆಗಿತ್ತು. "ನಮ್ಮ ಬೀದೀಲಿ ಬೆಳ್ಳಿ ಕೆಲ್ಸದ ಆಚಾರಿ ಇದಾರೆ. ಇವತ್ತು ಅಂಗಡಿಗೆ ಬಂದು, ನಿಮ್ಮ ಅಪ್ಪಗಾರು ಆರ್ಡರ್ ಕೊಟ್ಟ ಪ್ಲೇಟು ರೆಡಿ ಅಂತ ಕೊಟ್ರು. ಕಾಯಿನ್ಸ್ ಕರಗಿಸಿ ಮಾಡಿದ್ದಂತೆ. ನನಗೆ ಏಮೀ ಅರ್ಥ ಕಾಲೇದು. ನೀವೇ ಬಂದು ಕೇಳಿ."

ಬೆಳಗಿನ ರೈಲಿಗೆ ಹೊರಟೆ. ದಾರಿಯುದ್ದಕ್ಕೂ ಆ ಒಂದು ಮಾತೇ ತಲೆಯಲ್ಲಿ. ಕರಗಿಸಿದ್ದು. ಹದಿನೆಂಟು ನೂರು ವರ್ಷ ಮಣ್ಣಿನಲ್ಲಿ, ಸಮುದ್ರದಾಚೆ, ಯಾರುಯಾರದೋ ಕೈಯಲ್ಲಿ ಉಳಿದು ಬಂದದ್ದನ್ನು ಗವರ್ನರ್‌ಪೇಟೆಯ ಒಂದು ಓಣಿಯಲ್ಲಿ ಕರಗಿಸಿದ್ದು. ಎದುರಿಗೆ ಕೂತ ಹೆಂಗಸು ಇಡ್ಲಿ ಕೊಡಲು ಬಂದರೆ ಅವಳ ಮೇಲೂ ರೇಗಿದೆ.

ಆಚಾರಿ ಐವತ್ತು ದಾಟಿದ ಮನುಷ್ಯ. ನಮ್ಮನ್ನು ಕೂರಿಸಿ ನೀರು ಕೊಟ್ಟರು. ನನಗೆ ಅಷ್ಟು ಹೊತ್ತಿಗೆ ತೆಲುಗು ಅರ್ಥವಾಗುತ್ತಿತ್ತು, ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ. ಕಾಕಾರನ್ನು ಅವರು ತಮ್ಮ ತಂದೆಯ ಕಾಲದಿಂದ ಬಲ್ಲರು. ಯಾವತ್ತು ಬಂದರು ಎಂದು ಕೇಳಿದೆ. ಯೋಚಿಸಲೇ ಇಲ್ಲ. ವರಲಕ್ಷ್ಮಿ ವ್ರತದ ಶುಕ್ರವಾರಕ್ಕೆ ಮುಂಚಿನ ಬುಧವಾರ, ಮಧ್ಯಾಹ್ನ. ಹಬ್ಬದ ಕೆಲಸ ಮೈಮೇಲಿತ್ತು, ಅದಕ್ಕೇ ಪ್ಲೇಟು ಇಷ್ಟು ತಡವಾಯಿತು ಎಂದರು. ಕಾಕಾ ಬಿದ್ದ ಮರುದಿನ ಅದು. ಪ್ರಸಾದ್ ನನ್ನ ಮುಖ ನೋಡಿದರು. ನಾನು ಸುಮ್ಮನಿರಿ ಎಂದು ಕೈ ಮಾಡಿದೆ. ಲಕ್ವಾ ಹೊಡೆದ ಸುದ್ದಿ ಆಚಾರಿಗೆ ಇನ್ನೂ ಗೊತ್ತಿರಲಿಲ್ಲ. ಗೊತ್ತಾಗುವ ಮೊದಲೇ ಎಲ್ಲವನ್ನೂ ಅವರ ಬಾಯಿಂದ ಹೊರಡಿಸಬೇಕೆಂದು ನಾನು ಹಟ ಹಿಡಿದಿದ್ದೆ. ಸುಳ್ಳನ್ನು ಹಿಡಿಯಲು ಹೋದವಳು ನಾನು.

"ಏನಂದರು ಬಂದು?"

"ಏನೂ ಅನ್ನಲಿಲ್ಲಮ್ಮಾ. ಮಾತೇ ಆಡಲಿಲ್ಲ. ಗಂಟು ಬಿಚ್ಚಿ ಇಟ್ಟರು. ಗೋಡೆಗೆ ತೂಗುಹಾಕಿದ್ದ ದೊಡ್ಡ ಊಟದ ಪ್ಲೇಟು ತೋರಿಸಿದರು. ಕೋಪದಲ್ಲಿದ್ದಾರೇನೋ ಅಂದುಕೊಂಡೆ."

ನಾಣ್ಯಗಳನ್ನು ಒಟ್ಟಿಗೆ ಬೆಳ್ಳಿ ಕರಗಿಸುವ ಮೂಸೆಗೆ ಸುರಿಯಲು ಆಚಾರಿ ಕೈ ಚಾಚಿದರಂತೆ. ಇವರು ಬಿಡಲಿಲ್ಲವಂತೆ. ತಾವೇ ಕುಲುಮೆಯ ಪಕ್ಕ ಕೂತು, ಒಂದೊಂದನ್ನೇ ಎತ್ತಿ, ಕಣ್ಣ ಹತ್ತಿರ ಹಿಡಿದು ನೋಡಿ, ಮೂಸೆಯೊಳಗೆ ಬಿಟ್ಟರಂತೆ. ಇಡೀ ಮಧ್ಯಾಹ್ನ ಹಿಡಿಯಿತು, ನನ್ನ ಕೆಲಸವೆಲ್ಲ ನಿಂತುಹೋಯಿತು ಎಂದು ಆಚಾರಿ ಸ್ವಲ್ಪ ಅಸಮಾಧಾನದಿಂದಲೇ ಹೇಳಿದರು. "ಅದೂ ಎಡಗೈಯಿಂದ. ಶುಭಕಾರ್ಯದ ಬೆಳ್ಳಿ, ಬಲಗೈಯಿಂದ ಹಾಕಿ ಸ್ವಾಮೀ ಅಂದೆ. ಬಲಗೈ ಮೇಲೆತ್ತಲೇ ಇಲ್ಲ. ಎಡಗೈ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿತ್ತು. ಇಂಜೆಕ್ಷನ್ ಮಾಡಿಸಿಕೊಂಡು ನೇರ ಬಂದಿದ್ದೀರಾ ಅಂತ ಕೇಳಿದೆ. ಅದಕ್ಕೂ ಮಾತಿಲ್ಲ."

ಪ್ರಸಾದ್ ಎದ್ದು ಅಂಗಡಿಯ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತುಬಿಟ್ಟರು. ನನಗೆ ಆಸ್ಪತ್ರೆಯ ಆ ಮಧ್ಯಾಹ್ನ ಪೂರ್ತಿಯಾಗಿ ಕಣ್ಣ ಮುಂದೆ ಬಂತು. "ಅಷ್ಟು ಹಳೆಯವು ಅಂತ ನಿಮ್ಮ ಕಣ್ಣಿಗೆ ಕಾಣಲಿಲ್ಲವಾ? ಬೇಡ ಅನ್ನಬಾರದಿತ್ತಾ?" ಎಂದು ಕೇಳಿದೆ. ಅವರ ವಸ್ತು, ಅವರೇ ಹಾಕುತ್ತಿದ್ದಾರೆ, ನಾನು ಹೇಗೆ ಬೇಡ ಅನ್ನಲಿ ಎಂದರು ಆಚಾರಿ. ಆಮೇಲೆ, ಬೆಳ್ಳಿಯೂ ಒಳ್ಳೆಯದಾಗಿರಲಿಲ್ಲ, ಅರ್ಧಕ್ಕರ್ಧ ತಾಮ್ರ ಬೆರೆತಿತ್ತು, ಸೋಸಿ ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು ಎಂದರು. ಹೌದು, ಅಲೆಕ್ಸಾಂಡ್ರಿಯದವು ಕಲಬೆರಕೆಯೇ. ಅದು ಇಡೀ ಜಗತ್ತಿಗೆ ಗೊತ್ತು. ಅದೇ ಅವುಗಳ ಇತಿಹಾಸ. ಇದನ್ನು ನಾನು ಯಾರಿಗೆ ಹೇಳಲಿ?

ಪ್ಲೇಟು ನೋಡಿದೆ. ದೊಡ್ಡದು, ಬೋಳು, ಅಂಚಿಗೆ ಒಂದು ಎಳೆ ಬಿಟ್ಟರೆ ಯಾವ ಅಲಂಕಾರವೂ ಇಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಬೀದಿಯಲ್ಲಿ ಪ್ರಸಾದ್ ಒಂದು ವಿಷಯ ಹೇಳಿದರು. ಅವರು ಚಿಕ್ಕವರಿದ್ದಾಗ ಅಮ್ಮನ ಹತ್ತಿರ ತವರಿನವರು ಕೊಟ್ಟ ಒಂದು ಬೆಳ್ಳಿ ಪ್ಲೇಟು ಇತ್ತಂತೆ. ಯಾವುದೋ ಹಡಗಿನವನು ನಾಣ್ಯ ತಂದಿದ್ದಾನೆಂದು ಅಪ್ಪ ಅದನ್ನು ಇದೇ ಆಚಾರಿಯ ತಂದೆಗೆ ಮಾರಿದರಂತೆ. "ಅಮ್ಮ ಏಮೀ ಅನಲಿಲ್ಲ ಅಕ್ಕಾ. ಆಮೇಲೆ ಎಂದೂ ಪ್ಲೇಟಲ್ಲಿ ಊಟ ಮಾಡ್ಲಿಲ್ಲ. ಕೈಯಲ್ಲಿ ಗಿನ್ನೆ ಹಿಡ್ಕೊಂಡೇ ತಿಂತಿದ್ದಳು, ಪೋಯೇದಾಕ," ಎಂದರು. ಸಾಯುವವರೆಗೆ ಬಟ್ಟಲನ್ನು ಕೈಯಲ್ಲಿ ಹಿಡಿದೇ ತಿಂದರು ಎಂದು ಅರ್ಥ.

ಇದನ್ನು ಕೇಳಿ ನಿಮ್ಮ ಕರುಳು ಚುರುಕ್ ಎನ್ನಬಹುದು. ನಾನು ಹೇಳಿದವರೆಲ್ಲ ಇಲ್ಲಿಗೆ ಬಂದಾಗ ತಲೆದೂಗಿ, "ನೋಡಿ, ಋಣ ತೀರಿಸಿಕೊಂಡರು" ಎನ್ನುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಪಶ್ಚಾತ್ತಾಪವಾಗಿದ್ದರೆ ಎರಡು ಒಳ್ಳೆಯ ನಾಣ್ಯ ಮಾರಿದರೆ ಸಾಕಿತ್ತು, ಅಂಥ ಪ್ಲೇಟು ಬರುತ್ತಿತ್ತು. ಹೆಂಡತಿ ಬದುಕಿದ್ದಾಗ ಮಾಡಿಸಿಕೊಡಬೇಕಿತ್ತು. ಊಟ ಮಾಡುವವಳೇ ಇಲ್ಲದ ಮೇಲೆ, ಮುಂದೆ ಸಾವಿರ ಜನ ನೋಡಬೇಕಾಗಿದ್ದನ್ನು ಸುಟ್ಟು, ಯಾರ ಋಣ ಯಾರಿಗೆ ತೀರಿತು? ಆ ಹೆಂಗಸಿಗೆ ಅನ್ಯಾಯವಾಯಿತು, ಒಪ್ಪುತ್ತೇನೆ. ಅದಕ್ಕೂ ನನಗೆ ಕಾಕಾರ ಮೇಲೆ ಸಿಟ್ಟಿದೆ. ಒಂದು ಸಿಟ್ಟು ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ.

ಪ್ಲೇಟನ್ನು ಕಾಕಾರಿಗೆ ತೋರಿಸೋಣ ಎಂದೆ. ಪ್ರಸಾದ್ ಬೇಡವೆಂದರು. ನನಗೆ ಉತ್ತರ ಬೇಕಾಗಿತ್ತು. ತಲೆಯಾಡಿಸಿ ಹೌದು ಎಂದರೂ ಸಾಕಿತ್ತು.

ಮನೆಯಲ್ಲಿ ಕಾಕಾ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದರು. ನನ್ನನ್ನು ಕಂಡು ಅರ್ಧ ಮುಖದಲ್ಲಿ ನಕ್ಕರು. ಮೊಮ್ಮಗಳು ಅವರ ಕಾಲ ಬುಡದಲ್ಲಿ ಆಡುತ್ತಿತ್ತು. ಪ್ಲೇಟನ್ನು ಅವರ ತೊಡೆಯ ಮೇಲಿಟ್ಟೆ. ಎಡಗೈಯಿಂದ ಎತ್ತಿ, ತಿರುಗಿಸಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ಯಾರದೋ ಉಡುಗೊರೆ ಎಂದುಕೊಂಡಿರಬೇಕು.

"ಕಾಕಾ, ಇವು ನಿಮ್ಮ ನಾಣ್ಯ," ಎಂದೆ. "ಎಲ್ಲಾವೂ. ಬೆಟ್ಟದ್ದೂ ಇದರಾಗ ಐತಿ. ಆಚಾರಿ ನೀವೇ ಬಂದು ಕರಗಿಸಿದ್ರಿ ಅಂತಾನ. ಆ ಹೊತ್ತಿನಾಗ ನೀವು ನನ್ನ ಮುಂದ ಆಸ್ಪತ್ರ್ಯಾಗ ಮಲಗಿದ್ರಿ. ನೀವು ಮಾಡಿದ್ರೋ ಇಲ್ಲೋ, ಹೇಳ್ರಿ ನನಗ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಪ್ಲೇಟು ನೋಡಿದರು, ಮಗನನ್ನು ನೋಡಿದರು. ಪ್ರಸಾದ್ ತಲೆ ತಗ್ಗಿಸಿದರು. ಆಗ ಅರ್ಥವಾಯಿತು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಆ ಮನುಷ್ಯನಿಗೆ ಏನೇನೂ ಗೊತ್ತಿರಲಿಲ್ಲ. ಒಂದು ಮುಖದಲ್ಲಿ ಅಷ್ಟು ಆಘಾತವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಗಂಟಲಿಂದ ಒಂದು ಕೂಗು ಬಂತು, ಪ್ರಾಣಿಯ ಕೂಗಿನಂತೆ. ಪ್ಲೇಟನ್ನು ಎಸೆದರು. ಅದು ಮಂಚದ ಕಾಲಿಗೆ ಬಡಿದು ಅಂಚು ನೆಗ್ಗಿತು. ಮೊಮ್ಮಗಳು ಅಳಲು ಶುರುಮಾಡಿತು. ಎಡಗೈಯನ್ನು ನನ್ನ ಕಡೆ ಚಾಚಿದರು. ಬಾಯಿ ಎಳೆದಾಡಿತು, ತುಟಿ ಸೇರಲಿಲ್ಲ, ಮತ್ತೆ ಎಳೆದಾಡಿತು.

"ಕಳ್ಳಿ," ಎಂದರು.

ಸ್ಪಷ್ಟವಾಗಿ. ಒಂದಕ್ಷರವೂ ಜಾರದೆ.

ಅಡಿಗೆಮನೆಯಿಂದ ಸೊಸೆ ಓಡಿ ಬಂದಳು. ತೆಲುಗಿನ ಹುಡುಗಿ, ಕನ್ನಡ ಬಾರದು. "ಮಾವಯ್ಯಗಾರು ಮಾಟ್ಲಾಡಾರು," ಎಂದು ಗಂಡನ ತೋಳು ಹಿಡಿದು ಅಲುಗಾಡಿಸಿದಳು. ಮಾತು ಬಂತು, ಮಾವನವರಿಗೆ ಮಾತು ಬಂತು ಎಂದು ಅವಳ ಕಣ್ಣಲ್ಲಿ ನೀರು. ದೇವರ ಮುಂದೆ ಹೋಗಿ ದೀಪ ಹಚ್ಚಿದಳು. ನನ್ನ ಕೈಗೆ ಸಕ್ಕರೆ ಕೊಟ್ಟಳು. ನಾನು ಅದನ್ನು ಹಿಡಿದುಕೊಂಡು ನಿಂತಿದ್ದೆ. ಆ ಮಾತಿನ ಅರ್ಥ ಗೊತ್ತಿದ್ದವರು ಆ ಕೋಣೆಯಲ್ಲಿ ನಾವು ಮೂವರೇ.

ಆಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ಕುಳಿತು ಬೇಕಾದಷ್ಟು ಯೋಚಿಸಿದ್ದೇನೆ. ಇನ್ನೊಂದು ಕೀಲಿ ಇದ್ದಿರಬಹುದು. ಕಾಕಾರಂತೆಯೇ ಕಾಣುವ ಯಾರೋ ಇದ್ದಿರಬಹುದು. ಆದರೆ ಕದ್ದವನು ಮಾರುತ್ತಾನೆ. ಮಾಲೀಕನ ಮಗನ ಮನೆಗೆ ಪ್ಲೇಟು ಮಾಡಿಸಿ ಕಳಿಸುವ ಕಳ್ಳನನ್ನು ನಾನು ಕೇಳಿಲ್ಲ. ಆಚಾರಿ ಸುಳ್ಳು ಹೇಳಿರಬಹುದು. ಹಾಗಿದ್ದರೆ ಆ ಪ್ಲಾಸ್ಟರಿನ ವಿಷಯ ಅವರಿಗೆ ಯಾರು ಹೇಳಿದರು? ನನ್ನ ಎದುರಿನ ಮಂಚದಲ್ಲಿ ಕಪ್ಪಾದ ಬೆರಳು ಯಾರವು? ಹೋಗಲಿ, ಕಾಕಾರೇ ಹೇಗೋ ಹೋಗಿದ್ದರು ಎಂದು ನಂಬಿದರೆ, ತಾವು ಮಾಡಿದ್ದು ತಮಗೇ ತಿಳಿಯದೆ ಹೋಯಿತೇ? ಯಾವ ಕಡೆಯಿಂದ ಹೊರಟರೂ ಗೋಡೆ.

ಪ್ರಸಾದ್ ಆಗಾಗ ಫೋನು ಮಾಡುತ್ತಿದ್ದರು. ಬರಬಹುದೆಂದು ಡಾಕ್ಟರರು ಹೇಳಿದ್ದ ಬೇರೆ ಮಾತುಗಳು ಬರಲಿಲ್ಲವಂತೆ. ಕಾಕಾರಿಗೆ ಮರಳಿದ್ದು ಆ ಒಂದೇ ಮಾತು. ನೀರು ಬೇಕಾದರೂ ಅದೇ, ಫ್ಯಾನು ಹಾಕಬೇಕಾದರೂ ಅದೇ, ಸೊಸೆಯನ್ನು ಕರೆಯಲೂ ಅದೇ. ಮೊಮ್ಮಗಳು ಅದನ್ನು ತನ್ನ ಹೆಸರೆಂದುಕೊಂಡಿತ್ತಂತೆ, ತಾತ ಹಾಗೆಂದ ಕೂಡಲೇ ಎಲ್ಲಿದ್ದರೂ ಓಡಿ ಬರುತ್ತಿತ್ತಂತೆ. ಹಾಗಾದರೆ ಆವತ್ತು ನನಗೆ ಅಂದದ್ದು ನಿಜವಾಗಿ ಅಂದದ್ದೋ, ಬಾಯಿಗೆ ಬಂದ ಯಾವುದೋ ಶಬ್ದವೋ? ಬೇಸರ ಮಾಡ್ಕೋಬೇಡಿ ಅಕ್ಕಾ, ಅದು ರೋಗ, ಎಂದು ಪ್ರಸಾದ್ ಪ್ರತಿ ಸಲವೂ ಹೇಳುತ್ತಿದ್ದರು. ನನ್ನ ಕಡೆ ಚಾಚಿದ ಆ ಕೈಯನ್ನು ನಾನು ನೋಡಿದ್ದೇನೆ. ರೋಗವೆಂದು ನನಗೆ ಯಾರೂ ಹೇಳುವುದು ಬೇಡ.

ನಮ್ಮವರಿಗೆ ಕಾರವಾರಕ್ಕೆ ವರ್ಗವಾಗಿ ಸಾಮಾನು ಕಟ್ಟುತ್ತಿದ್ದಾಗ ಪ್ರಸಾದರ ಕೊನೆಯ ಫೋನು ಬಂತು. ಅಪ್ಪ ಹೋದರು ಎಂದರು. ಪ್ಲೇಟು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ, ನೀವು ತೆಗೆದುಕೊಳ್ಳಿ ಎಂದರು. ಬೇಡವೆಂದೆ. ಕೊನೆಗೆ ಕೇಳಬಾರದೆಂದುಕೊಂಡದ್ದನ್ನು ಕೇಳಿಯೇಬಿಟ್ಟೆ.

"ಹೋಗೋ ಮುಂಚೆ ಏನಾರ ಅಂದ್ರೇನ್ರಿ?"

"ಅದೇ ಅಕ್ಕಾ," ಎಂದರು ಪ್ರಸಾದ್. "ನಮ್ಮ ಪಾಪು ಬಂದು ಪಕ್ಕದಲ್ಲಿ ಕೂತ್ಕೊಂಡಿತು. ಅದರ ತಲೆ ಮೇಲೆ ಕೈ ಇಟ್ಟು ಅದೇ ಅಂದ್ರು."